ಎರರ್ ಹೋಯ್ತು ಅಂದ್ರೆ ಪೋರ್ಟ್ ಹಂಚಿಕೆ ಸರಿಯಾಯ್ತು ಅಂತಲ್ಲ

ಈಗಷ್ಟೇ ಒಂದು ಕೋಡ್ ರಿವ್ಯೂ ಮುಗಿಸಿದೆ, ಸಿಟ್ಟು ಇನ್ನೂ ಇಳಿದಿಲ್ಲ. ಸೆನ್ಸರ್‌ಗಳು ಮಲ್ಟಿಕಾಸ್ಟಲ್ಲಿ ಕಳಿಸೋ ಡೇಟಾ ಓದೋ ಪ್ರೋಗ್ರಾಂಗಳು ನಮ್ಮವು. ಮಲ್ಟಿಕಾಸ್ಟ್ ಅಂದ್ರೆ ಒಂದು ಗುಂಪಿನ ವಿಳಾಸಕ್ಕೆ ಕಳಿಸಿದ್ದು ಆ ಗುಂಪಿಗೆ ಸೇರಿದ ಎಲ್ಲರಿಗೂ ತಲುಪೋದು. ಒಂದೇ ಲಿನಕ್ಸ್ ಮಷೀನಲ್ಲಿ ಎರಡನೇ ಪ್ರೋಗ್ರಾಂ ಶುರು ಮಾಡಿದ ಕೂಡಲೇ ಬೈಂಡ್‌ನಲ್ಲಿ (ಪ್ರೋಗ್ರಾಂ ತನಗೆ ಬೇಕಾದ ವಿಳಾಸ, ಪೋರ್ಟ್ ನಂಬರ್ ಹಿಡಿಯೋ ಹಂತ) "ಅಡ್ರೆಸ್ ಆಲ್‌ರೆಡಿ ಇನ್ ಯೂಸ್" ಅಂತ ಬರ್ತಿತ್ತು. ಒಂದೇ ಪೋರ್ಟನ್ನ ಹಂಚಿಕೊಳ್ಳೋಕೆ ಬಿಡೋ ರೀಯೂಸ್‌ಅಡ್ರೆಸ್ ಆಪ್ಷನ್ನಿನ ಒಂದು ಸಾಲು ಕೋಡಿಗೆ ಸೇರಿಸಿದ್ದಾರೆ. ಎರರ್ ಮಾಯ, ಟಿಕೆಟ್ ಕ್ಲೋಸ್.

ಓಡಿಸಿ ನೋಡಿದ್ರೆ ಮೊದಲನೇ ಉತ್ಪಾದನಾ ಲೈನಿನ ಪ್ರೋಗ್ರಾಂ ಎರಡನೇ ಲೈನಿನ ಸೆನ್ಸರ್‌ಗಳ ಉಷ್ಣಾಂಶ ತೋರಿಸ್ತಿದೆ! ಒಂದು 239.1.1.1 ಗುಂಪಿಗೆ ಸೇರಿದೆ, ಇನ್ನೊಂದು 239.1.1.2ಕ್ಕೆ. ಪೋರ್ಟ್ ಮಾತ್ರ ಎರಡಕ್ಕೂ 5000, ಬೈಂಡ್ ಆಗಿರೋದು 0.0.0.0ಗೆ, ಅಂದ್ರೆ ಯಾವ ವಿಳಾಸಕ್ಕೆ ಬಂದ್ರೂ ಸರಿ ಅಂತ. ಲಿನಕ್ಸ್‌ನಲ್ಲಿ ಇದು ಹೀಗೇ ಆಗೋದು. ಯಾವ ಪ್ರೋಗ್ರಾಂ ಸೇರಿದ ಗುಂಪಿನ ಪ್ಯಾಕೆಟ್ಟೇ ಆಗಲಿ, ಮಷೀನಿನೊಳಗೆ ಬಂತು ಅಂದ್ರೆ ಆ ಪೋರ್ಟಲ್ಲಿ ಹೀಗೆ ಕೂತಿರೋ ಎಲ್ಲ ಸಾಕೆಟ್‌ಗೂ (ಪ್ರೋಗ್ರಾಂ ನೆಟ್‌ವರ್ಕಿಗೆ ತೆರೆದ ಬಾಗಿಲು) ಒಂದೊಂದು ಪ್ರತಿ ಹೋಗುತ್ತೆ. ಐಪಿ_ಮಲ್ಟಿಕಾಸ್ಟ್_ಆಲ್ ಅನ್ನೋ ಆಪ್ಷನ್ ಡೀಫಾಲ್ಟಾಗಿ 1 ಇರೋದೇ ಕಾರಣ. ಕರ್ನಲ್ (ಲಿನಕ್ಸ್‌ನ ತಿರುಳು) 2.6.31ರಿಂದ ಅದನ್ನ 0 ಮಾಡೋಕೆ ಅವಕಾಶ ಇದೆ. ಇಲ್ಲಾಂದ್ರೆ 0.0.0.0 ಬಿಟ್ಟು ಗುಂಪಿನ ವಿಳಾಸಕ್ಕೇ ಬೈಂಡ್ ಮಾಡಿ. ವಿಂಡೋಸ್ ಆದ್ರೆ ಗುಂಪಿನ ವಿಳಾಸಕ್ಕೆ ಬೈಂಡ್ ಆಗೋಕೇ ಬಿಡಲ್ಲ, ಅಲ್ಲಿ ಲೆಕ್ಕವೇ ಬೇರೆ.

ನನಗೆ ಕೋಪ ಬರೋದು ಇದಕ್ಕೇ. ರೀಯೂಸ್‌ಅಡ್ರೆಸ್ ಒಂದೇ ಆಪ್ಷನ್, ಆದ್ರೆ ಒಂದೊಂದು ಆಪರೇಟಿಂಗ್ ಸಿಸ್ಟಮ್ಮಲ್ಲಿ ಒಂದೊಂದು ಥರ. ಮಲ್ಟಿಕಾಸ್ಟ್ ಪ್ಯಾಕೆಟ್ ಎಲ್ಲರಿಗೂ ಸಿಗುತ್ತೆ ಸರಿ, ಅದೇ ಪೋರ್ಟಿಗೆ ನೇರವಾಗಿ ಕಳಿಸಿದ ಯೂನಿಕಾಸ್ಟ್ ಪ್ಯಾಕೆಟ್ ಸಿಗೋದು ಒಬ್ಬರಿಗೇ. ಕಾನ್ಫಿಗರೇಷನ್ ಬದಲಾಯಿಸೋ ಕಮಾಂಡ್ ಯಾರ ಕೈಗೆ ಹೋಗುತ್ತೆ ಅಂತ ಆ ಸಾಲು ಸೇರಿಸಿದವರು ಒಂದು ಕ್ಷಣ ಯೋಚಿಸಿದ್ದಾರಾ? 2013ರಲ್ಲಿ ಲಿನಕ್ಸ್ 3.9ಕ್ಕೆ ರೀಯೂಸ್‌ಪೋರ್ಟ್ ಅನ್ನೋ ಇನ್ನೊಂದು ಆಪ್ಷನ್ ಬಂತು. ಯೂನಿಕಾಸ್ಟನ್ನ ಸಾಕೆಟ್‌ಗಳ ನಡುವೆ ಹಂಚೋಕೆ ಅದು ಒಳ್ಳೇದೇ, ಆದ್ರೆ ಯಾವ ಪ್ಯಾಕೆಟ್ ಯಾರಿಗೆ ಅಂತ ವಿಳಾಸ, ಪೋರ್ಟ್‌ಗಳಿಂದ ಕರ್ನಲ್ ಲೆಕ್ಕ ಹಾಕೋ ಹ್ಯಾಶ್ ತೀರ್ಮಾನಿಸುತ್ತೆ, ನೀವಲ್ಲ. ಎರಡನ್ನೂ ಒಟ್ಟಿಗೆ ಹಾಕಿಬಿಡೋರನ್ನ ಕಂಡ್ರೆ ನನಗೆ ನಿಜಕ್ಕೂ ಬೇಜಾರಾಗುತ್ತೆ.

"ಬೇರೆ ಬೇರೆ ಪೋರ್ಟ್ ಕೊಟ್ರೆ ಆಯ್ತಲ್ಲ, ಇಷ್ಟೊಂದು ಯಾಕೆ?" ಅಂದ್ರು ಒಬ್ಬರು. ಪ್ರೋಟೋಕಾಲ್ ನಿಮ್ಮದೇ ಆದ್ರೆ ಖಂಡಿತ ಕೊಡಿ. ಲೋಕಲ್ ನೆಟ್‌ವರ್ಕಲ್ಲಿ ಸಾಧನಗಳನ್ನ ಹೆಸರಿಂದ ಹುಡುಕೋ ಎಂಡಿಎನ್‌ಎಸ್‌ಗೆ ಏನು ಮಾಡ್ತೀರಿ? ಅದು 224.0.0.251, ಪೋರ್ಟ್ 5353. ಸಾಧನ ಹುಡುಕೋ ಇನ್ನೊಂದು ಪ್ರೋಟೋಕಾಲ್ ಎಸ್‌ಎಸ್‌ಡಿಪಿ 239.255.255.250, ಪೋರ್ಟ್ 1900. ಅವನ್ನ ಬದಲಾಯಿಸಿದ್ರೆ ಪ್ರಿಂಟರ್ರೂ ಸಿಗಲ್ಲ, ಟಿವಿನೂ ಸಿಗಲ್ಲ. ಲಿನಕ್ಸ್‌ನ ಎಂಡಿಎನ್‌ಎಸ್ ಸೇವೆ ಅವಾಹಿ ಆಗಲೇ 5353ರಲ್ಲಿ ಕೂತಿರುತ್ತೆ, ಬ್ರೌಸರ್ರೂ ಅಲ್ಲಿಗೇ ಬರುತ್ತೆ. ಹಂಚಿಕೊಂಡೇ ಬದುಕಬೇಕು. ನಮ್ಮ ಸೆನ್ಸರ್‌ಗಳ ಪೋರ್ಟೂ ಫರ್ಮ್‌ವೇರಲ್ಲೇ ಕೂತಿದೆ, ನಾವು ಮುಟ್ಟೋ ಹಾಗಿಲ್ಲ.

ಹುಡುಕೋ ರೀತಿನೂ ನೋಡಿ. ಡೇಟಾ ಬರ್ತಿಲ್ಲ ಅಂದ ತಕ್ಷಣ ಪ್ಯಾಕೆಟ್ ಹಿಡಿದು ತೋರಿಸೋ ಟಿಸಿಪಿಡಂಪ್ ಹಾಕ್ತಾರೆ. ಅದು ನೆಟ್‌ವರ್ಕ್ ಕಾರ್ಡನ್ನ ತನಗಲ್ಲದ ಪ್ಯಾಕೆಟ್ಟನ್ನೂ ಒಳಗೆ ಬಿಡೋ ಪ್ರಾಮಿಸ್ಕ್ಯುಯಸ್ ಮೋಡ್‌ಗೆ ತಗೊಂಡು ಹೋಗುತ್ತೆ, ಹಾಗಾಗಿ ಡಂಪ್ ಓಡ್ತಿರುವಾಗ ಕೆಲವು ಸಲ ಎಲ್ಲ ಸರಿಯಿದ್ದ ಹಾಗೆ ಕಾಣುತ್ತೆ, ನಿಲ್ಲಿಸಿದ್ರೆ ಮತ್ತೆ ಅದೇ ಕಥೆ. "-p" ಹಾಕಿ ಓಡಿಸಿ, ಆ ಮೋಡ್‌ಗೆ ಹಾಕಲ್ಲ. ಅದಕ್ಕೂ ಮುಂಚೆ "ip maddr show" ಕೊಟ್ಟು ಯಾವ ಇಂಟರ್‌ಫೇಸಲ್ಲಿ (ನೆಟ್‌ವರ್ಕ್ ಸಂಪರ್ಕದಲ್ಲಿ) ಗುಂಪಿಗೆ ಸೇರಿದೀರಿ ನೋಡಿ. ಇಂಟರ್‌ಫೇಸ್ ಹೇಳದೆ ಸೇರಿದ್ರೆ ಕರ್ನಲ್ ರೂಟಿಂಗ್ ಟೇಬಲ್ ನೋಡಿ ಆರಿಸುತ್ತೆ. ವಿಪಿಎನ್ ಆನ್ ಇರೋ ಲ್ಯಾಪ್‌ಟಾಪಲ್ಲಿ ಗುಂಪು ಹೋಗಿ ಟನಲ್ಲಲ್ಲಿ ಕೂತಿರುತ್ತೆ, ಇವರು ಸ್ವಿಚ್ಚನ್ನ ಬೈತಿರ್ತಾರೆ.

"ಈಗ ಕೆಲಸ ಮಾಡ್ತಿದೆಯಲ್ಲ" ಅನ್ನೋ ವಾದವನ್ನ ನಾನು ಒಪ್ಪಲ್ಲ. ತಪ್ಪು ಲೈನಿನ ಉಷ್ಣಾಂಶ ನೋಡಿ ಯಾರೋ ಹೀಟರ್ ಆಫ್ ಮಾಡಿದ್ರೆ ಅದು ಕೆಲಸ ಮಾಡಿದ ಹಾಗಾ? ರಿವ್ಯೂನಲ್ಲಿ ಬರೆದಿದೀನಿ: ರೀಯೂಸ್‌ಅಡ್ರೆಸ್ ಇರಲಿ, ಬೈಂಡ್ ಗುಂಪಿನ ವಿಳಾಸಕ್ಕಾಗಲಿ, ಇಂಟರ್‌ಫೇಸ್ ಹೆಸರು ಹೇಳಿ ಸೇರಲಿ. ಎರಡೂ ಗುಂಪಿಗೆ ಒಟ್ಟಿಗೆ ಡೇಟಾ ಕಳಿಸಿ ಟೆಸ್ಟ್ ತೋರಿಸೋವರೆಗೂ ನಾನು ಅಪ್ರೂವ್ ಮಾಡಲ್ಲ.