ಪ್ಲೇಟಿಗೊಂದು ಮೊಳೆ

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೇ ಗ್ರಾಮಫೋನ್ ಪ್ಲೇಟುಗಳು ಸಿಕ್ಕ ಸುದ್ದಿ ನೀವೂ ಓದಿರುತ್ತೀರಿ. ಫೋಟೋದಲ್ಲಿ ಪ್ಲೇಟು ಒಂದು, ಹಿಡಿದುಕೊಂಡವರು ಹನ್ನೊಂದು ಜನ. ಹನ್ನೊಂದನೆಯವರ ಬೆರಳು ಮಾತ್ರ ಕಾಣುತ್ತಿತ್ತು, ಪಾಪ. ಕೊಡಗಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಮರುಜನ್ಮ ಅಂತ ತಲೆಬರಹ ಬೇರೆ.

ಹೆತ್ತವರಿಗೆ ಸನ್ಮಾನ ಆಗಬೇಕಲ್ವಾ? ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಯಲ್ಲಿ ಆಯಿತು. ನಾನೂ ಹೋಗಿದ್ದೆ. ಸಂಗೀತದ ಮೇಲಿನ ಪ್ರೀತಿಯಿಂದ ಅಂತ ಬರೆದುಕೊಳ್ಳಬಹುದಿತ್ತು, ಆದರೆ ಊಟಕ್ಕೆ ಕಡಂಬುಟ್ಟು, ಪಂದಿ ಕರಿ ಇದೆ ಅಂತ ಮೊದಲೇ ಗೊತ್ತಿತ್ತು.

ವೇದಿಕೆ ಮೇಲೆ ಹಿತ್ತಾಳೆ ಕೊಂಬಿನ ಗ್ರಾಮಫೋನ್ ಫಳಫಳ ಹೊಳೆಯುತ್ತಿತ್ತು. "ಇದು ಹಾಡುತ್ತೇನಪ್ಪಾ?" ಅಂತ ಅಲ್ಲಿದ್ದ ಹುಡುಗನನ್ನು ಕೇಳಿದೆ.

"ಹಾಡುತ್ತೆ ಸಾರ್. ಬ್ಲೂಟೂತ್ ಆನ್ ಮಾಡ್ಬೇಕು ಅಷ್ಟೇ."

ಮುಖ್ಯ ಅತಿಥಿಗಳು "ಎರಡೇ ಮಾತು" ಅಂತ ಎದ್ದರು. ನಲವತ್ತು ನಿಮಿಷ ಆಯಿತು. ಅದಕ್ಕೂ ಮೊದಲು ಅವರು ಯಾರು ಅಂತ ನಮಗೆ ಹೇಳುವುದಕ್ಕೇ ಇನ್ನೊಬ್ಬರು ಕಾಲು ಗಂಟೆ ತೆಗೆದುಕೊಂಡಿದ್ದರು.

ನನಗೆ ಹಳೇ ಕಾಲದ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ನೆನಪಾದಳು. 1902ರಲ್ಲಿ ಕಲ್ಕತ್ತೆಯಲ್ಲಿ ಅವಳ ಹಾಡು ಮುದ್ರಿಸಿದ್ದು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್. ಮೈಕಿಲ್ಲ, ಕರೆಂಟಿಲ್ಲ. ಕೊಂಬಿನ ಬಾಯಿಗೆ ಮುಖ ಒಡ್ಡಿ ಗಟ್ಟಿಯಾಗಿ ಹಾಡಬೇಕು. ಆ ದನಿಗೆ ಒಳಗಿನ ತೆಳು ಪೊರೆ ನಡುಗಿ, ಸೂಜಿ ಮೇಣದ ಮೇಲೆ ಗೀರು ಎಳೆಯಬೇಕು. ಅದೂ ಸುಮಾರು ಮೂರೇ ನಿಮಿಷ. ಒಂದು ಗಂಟೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಹಿಂಡಿ ಕೊಟ್ಟು, ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಕೂಗಿ ಮುಗಿಸುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದ್ದು ಯಾರು ಅಂತ ಅಲ್ಲಿನವರಿಗೆ ತಿಳಿಯಬೇಕಲ್ಲ, ಅದಕ್ಕೆ. ಮೊದಲು ಕೆಲಸ, ಆಮೇಲೆ ಹೆಸರು, ಅದೂ ಒಂದೇ ಉಸಿರಿನಲ್ಲಿ. ಹಾರ ಇಲ್ಲ, ಪೇಟ ಇಲ್ಲ, ಏಲಕ್ಕಿ ಮಾಲೆ ಮೊದಲೇ ಇಲ್ಲ.

ಅತಿಥಿಗಳು "ನಮ್ಮ ಪರಂಪರೆ" ಅಂತ ಹದಿನೇಳನೇ ಸಲ ಅನ್ನುವಾಗ ಮಳೆ ಬಂತು. ಮಳೆ ಬಂದ ಮೇಲೆ ಕರೆಂಟು ಇರುತ್ತಾ? ಬ್ಲೂಟೂತ್ ಗ್ರಾಮಫೋನ್ ತೆಪ್ಪಗಾಯಿತು. ಮಳೆಗಾಲದಲ್ಲಿ ದಿನಗಟ್ಟಲೆ ಕತ್ತಲಲ್ಲಿ ಕೂರುವ ಊರು ನಮ್ಮದು. ಕೀಲಿ ಕೊಟ್ಟರೆ ಸಾಕು, ಹಾಡುವ ಯಂತ್ರ ನೂರು ವರ್ಷದ ಹಿಂದೆಯೇ ಇತ್ತು. ನಾವು ಅದರ ಕೊಂಬು ಉಳಿಸಿಕೊಂಡು ಒಳಗೆ ಚಾರ್ಜರ್ ಇಟ್ಟೆವು! ಭಾಷಣ ಮಾತ್ರ ನಿಲ್ಲಲಿಲ್ಲ. ಅದಕ್ಕೂ ಕರೆಂಟು ಬೇಡ.

ಇಡೀ ಸಮಾರಂಭದಲ್ಲಿ ಒಂದು ಪ್ಲೇಟೂ ತಿರುಗಲಿಲ್ಲ. ತಿರುಗಿಸಲು ಯಂತ್ರ ಇಲ್ಲ, ಸೂಜಿ ಇಲ್ಲ. ಅವನ್ನು ಹುಡುಕಿದವರೂ ಇಲ್ಲ. ಹಾಡು ಸಿಕ್ಕಿದೆ ಅಂತ ಕುಣಿಯುತ್ತೀರಲ್ಲ ಸ್ವಾಮಿ, ಕೇಳಿದವರು ಒಬ್ಬರಾದರೂ ಇದ್ದೀರಾ? ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದಳು, 1930ರಲ್ಲಿ ಅಲ್ಲೇ ಸತ್ತಳು. ಇಲ್ಲಿಂದ ಮೂರು ಗಂಟೆ ದಾರಿ. ಅವಳ ಹೆಸರು ಆ ದಿನ ಒಬ್ಬರ ಬಾಯಲ್ಲೂ ಬರಲಿಲ್ಲ. ನನಗೂ ಎದ್ದು ಹೇಳುವ ಧೈರ್ಯ ಬರಲಿಲ್ಲ. ಊಟದ ಹಂಗು.

ಕೈ ತೊಳೆದು ಬರುವಾಗ ಆ ಪ್ಲೇಟನ್ನು ಹತ್ತಿರದಿಂದ ನೋಡಿದೆ. ಅಂಚಿನಲ್ಲಿ ಸಣ್ಣ ಬಿರುಕು. ನಡುವಿನ ಕಾಗದವನ್ನು ಹುಳ ತಿಂದಿತ್ತು, ಹೆಸರಿದ್ದ ಜಾಗದಲ್ಲಿ ಬೂಷ್ಟು. ಯಾರು ಹಾಡಿದ್ದಾರೆ ಅಂತ ಮಾಲೀಕರನ್ನು ಕೇಳಿದೆ.

"ಯಾರಿಗೆ ಗೊತ್ತು ಸಾರ್, ಲೇಬಲ್ಲೇ ಇಲ್ವಲ್ಲ."

ಆ ಕಾಲದ ಎಷ್ಟೋ ಹಾಡುಗಾರರು ಗೌಹರ್ ಹಾಗೇ ಕೊನೆಯಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಪೂರ್ತಿ ಹಾಕಿ ಕೇಳಿದರೆ ಇವರೂ ಹೇಳಬಹುದು ಅಂದೆ. ಮಾಲೀಕರು ಹೂಂ ಅಂದರು. ಅಷ್ಟರಲ್ಲಿ ಹುಡುಗ ಸ್ಟೂಲು ತಂದಿದ್ದ. ರಿಸೆಪ್ಷನ್ ಗೋಡೆಗೆ ಹಾಕಬೇಕಂತೆ. ನಡುವೆ ತೂತು ಹೇಗೂ ಇದೆಯಲ್ಲ, ಮೊಳೆಗೆ ಸರಿಹೋಗುತ್ತೆ ಅಂದ.