ಒತ್ತಿದ್ದಾಯಿತೇ?

ಗಡಿಯಾರ ರಿಪೇರಿ ಅಂಗಡಿಯವರು ಗಾಜಿನ ಪೆಟ್ಟಿಗೆಯ ಮೇಲೆ ನಾಣ್ಯದಂಥ ಸೆಲ್ ಒಂದನ್ನು ಇಟ್ಟರು. ತಿರುಗಿಸಿ ನೋಡಿದೆ. 2032 ಎಂದಿತ್ತು.

"ನನಗೆ ಬೇಕಾದದ್ದು 2025."

"ಎರಡೂ ಒಂದೇ, ತೆಗೆದುಕೊಂಡು ಹೋಗಿ."

ಎರಡೂ ಒಂದೇ ಆಗಿದ್ದರೆ ಎರಡು ಸಂಖ್ಯೆ ಯಾಕೆ? ಮೊದಲ ಎರಡು ಅಂಕಿ ಸೆಲ್ಲಿನ ಅಗಲ, 20 ಮಿಲಿಮೀಟರ್. ಉಳಿದೆರಡು ದಪ್ಪ, ಒಂದು 2.5, ಇನ್ನೊಂದು 3.2. ನಡುವಿನ ವ್ಯತ್ಯಾಸ 0.7 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಎಟಿಎಂ ಕಾರ್ಡಿನ ದಪ್ಪ. ಅಷ್ಟನ್ನೂ ನನ್ನ ಕ್ಯಾಮೆರಾ ರಿಮೋಟು ಸಹಿಸುವುದಿಲ್ಲ. ತುರುಕಿದರೆ ಮುಚ್ಚಳ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಇದನ್ನೆಲ್ಲ ವಿವರಿಸಿದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ಒಳಗಿನಿಂದ ಒಂದು ಪಟ್ಟಿ ತಂದರು. ಅದರಲ್ಲಿ ಐದು ಸೆಲ್. ಬಿಡಿ ಕೊಡುವುದಿಲ್ಲವಂತೆ. ನನ್ನ ರಿಮೋಟಿಗೆ ಒಂದು ಸೆಲ್ ನಾಲ್ಕು ವರ್ಷ ಬಾಳುತ್ತದೆ, ಏಕೆಂದರೆ ಅದನ್ನು ನಾನು ಬಳಸುವುದೇ ವರ್ಷಕ್ಕೆರಡು ಸಲ. ಐದು ಸೆಲ್ಲಿಗೆ ಇಪ್ಪತ್ತು ವರ್ಷವಾಯಿತು. ನನಗೀಗ ಐವತ್ತೆಂಟು. ಎಪ್ಪತ್ತೆಂಟರವರೆಗೆ ಫೋಟೋ ತೆಗೆಯುವ ಹೊಣೆ ಹೊತ್ತು ಮನೆಗೆ ಬಂದೆ.

ಇಷ್ಟಕ್ಕೆಲ್ಲ ಕಾರಣ ಅಕ್ಕನ ಮಗ. ಹೊಸ ಕ್ಯಾಮೆರಾ ಕೊಂಡಿದ್ದಾನೆ. "ಮಾವ, ವೈರ್‌ಲೆಸ್ ರಿಮೋಟ್ ತೆಗೆದುಕೊಳ್ಳಬೇಕು. ಯಾವುದು ಒಳ್ಳೆಯದು, ಒಂದೇ ಮಾತಿನಲ್ಲಿ ಹೇಳಿಬಿಡಿ" ಎಂದು ಬೆಳಿಗ್ಗೆ ಫೋನ್ ಮಾಡಿದ್ದ. ಸಂಜೆಯೊಳಗೆ ಬರೆದು ಕಳಿಸುತ್ತೇನೆಂದು ಮಾತು ಕೊಟ್ಟೆ. ಬರೆಯುವ ಮೊದಲು ನನ್ನದನ್ನು ಒಮ್ಮೆ ಒತ್ತಿ ನೋಡೋಣವೆಂದರೆ ಅದರ ಜೀವ ಹೋಗಿತ್ತು. ಈಗ ಸೆಲ್ ಬಂದಿದೆ, ಬರೆಯುತ್ತೇನೆ.

ವೈರ್‌ಲೆಸ್ ರಿಮೋಟುಗಳಲ್ಲಿ ಮೂರು ಜಾತಿ. ಮೊದಲನೆಯದು ಇನ್ಫ್ರಾರೆಡ್. ಟಿವಿ ರಿಮೋಟಿನ ವಂಶ. ಅಗ್ಗ, ಪುಟ್ಟದು, ಒಂದೇ ಗುಂಡಿ. ಕ್ಯಾಮೆರಾದ ಕಣ್ಣಿಗೆ ಕಾಣುವಂತೆ ಹಿಡಿಯಬೇಕು, ಸುಮಾರು ಐದು ಮೀಟರಿನೊಳಗೆ ಇರಬೇಕು. ಕೇಳಲು ಇದರಲ್ಲಿ ತೊಂದರೆಯೇನೂ ಇಲ್ಲ. ತೊಂದರೆ ಏನೆಂದು ತಿಳಿಯಬೇಕಾದರೆ ನಮ್ಮ ದೊಡ್ಡಮ್ಮನ ಸಹಸ್ರಚಂದ್ರ ದರ್ಶನದ ವಿಚಾರ ಹೇಳಬೇಕು.

2013ರ ಫೆಬ್ರವರಿ. ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದ ಮನೆ. ಹೋಮ ಮುಗಿದು, ಊಟ ಮುಗಿದು, ಬಾಡಿಗೆಗೆ ಕರೆಸಿದ್ದ ಫೋಟೋಗ್ರಾಫರ್ ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡು ಇನ್ನೊಂದು ಮದುವೆಗೆ ಹೊರಟುಹೋದ ಮೇಲೆ, ಎಲ್ಲರೂ ಸೇರಿ ಒಂದು ಫೋಟೋ ಆಗಲಿಲ್ಲ ಎಂದು ಯಾರಿಗೋ ಹೊಳೆಯಿತು. ನಲವತ್ಮೂರು ಜನ. ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ನಾನೂ ಈ ಗಳಿಗೆಗೇ ಕಾದಿದ್ದೆ ಎನ್ನಬೇಕು. ಜೇಬಿನಲ್ಲಿ ಹೊಸ ರಿಮೋಟು ಇತ್ತು. ಇಪ್ಪತ್ತು ವರ್ಷದಿಂದ ಈ ಮನೆತನದ ಫೋಟೋ ತೆಗೆಯುತ್ತ ಬಂದು ಒಂದರಲ್ಲೂ ಇಲ್ಲದ ನಾನು, ಅಂದು ಸೇರಿಕೊಳ್ಳುವವನಿದ್ದೆ.

ಜಗಲಿಯ ಮುಂದೆ ಕುರ್ಚಿ ಹಾಕಿಸಿದೆ. ಅಂಗಳದ ಉಳಿದ ಭಾಗಕ್ಕೆಲ್ಲ ಅಡಿಕೆ ಹರವಿತ್ತು. ಅಡಿಕೆಯನ್ನು ತುಳಿಯುವಂತಿಲ್ಲ, ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಪಾಪ ಬೇರೆಯಿಲ್ಲ. ಹಾಗಾಗಿ ಟ್ರೈಪಾಡ್ ಅಡಿಕೆಯ ಆಚೆ ದಡದಲ್ಲಿ, ತುಳಸಿಕಟ್ಟೆಯ ಪಕ್ಕ ನಿಂತಿತು. ಕುರ್ಚಿಗಳಿಗೂ ಅದಕ್ಕೂ ಒಂಬತ್ತು ಮೀಟರ್.

ಐದು ಕುರ್ಚಿ, ಆರು ಹಿರಿಯರು. ಆರನೆಯವರು ಹೊಸನಗರದಿಂದ ಬಂದಿದ್ದ ಹಿರಿಯ ಅಳಿಯ. "ನಾನು ನಿಲ್ಲುತ್ತೇನೆ, ನನಗೇನು" ಎಂದರು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಗೊತ್ತು, ಈ 'ನನಗೇನು' ಎಂಬುದು ಒಪ್ಪಿಗೆಯಲ್ಲ, ನೋಟೀಸು. ಕಿರಿಯ ಅಳಿಯ ಮುಳ್ಳು ಚುಚ್ಚಿದವನಂತೆ ಕುರ್ಚಿಯಿಂದ ಎದ್ದ. ಅವನು ಎದ್ದನಲ್ಲ ಎಂದು ಅವನ ಅಣ್ಣ ಎದ್ದರು. ಹಿರಿಯ ಅಳಿಯ ಮಾತ್ರ ಕೂರಲಿಲ್ಲ. ಬಿಟ್ಟುಕೊಟ್ಟ ಕುರ್ಚಿಯಲ್ಲಿ ಅವರು ಕೂರುವವರಲ್ಲ. ಈಗ ಐದು ಕುರ್ಚಿ, ಮೂವರು ಹಿರಿಯರು, ದೊಡ್ಡಮ್ಮನ ಎರಡು ಮಗ್ಗುಲೂ ಖಾಲಿ. ಬಲಗಡೆಯ ಖಾಲಿ ಕುರ್ಚಿ ನೋಡಿ ಯಾರಿಗೋ ತೀರಿಹೋದ ದೊಡ್ಡಪ್ಪನ ನೆನಪಾಗಿ ಕಣ್ಣೊರೆಸಿಕೊಳ್ಳತೊಡಗಿದರು. ಅದನ್ನು ತೆಗೆಸಿದರು. ಎಡಗಡೆಯದನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಅದನ್ನೂ ತೆಗೆಸಿದರು. ಆಗ ಹಿರಿಯ ಅಳಿಯ "ಒಂದು ಕುರ್ಚಿ ಇದ್ದಿದ್ದರೆ ಮಂಡಿ ನೋವಿನವರಿಗಾದರೂ ಆಗುತ್ತಿತ್ತು" ಎಂದರು. ಮಂಡಿ ನೋವು ಇದ್ದದ್ದು ಅವರೊಬ್ಬರಿಗೇ.

ಇತ್ತ ಕ್ಯಾಮೆರಾಕ್ಕೂ ಒಂದು ಸ್ವಭಾವವಿತ್ತು. ರಿಮೋಟಿಗೆ ಕಿವಿಗೊಡುವ ಸ್ಥಿತಿಯಲ್ಲಿ ಅದನ್ನು ಇಟ್ಟು ಬಂದರೆ, ಒಂದು ನಿಮಿಷ ಸದ್ದಿಲ್ಲದಿದ್ದರೆ ಬೇಸತ್ತು ಹಳೆಯ ಸ್ಥಿತಿಗೆ ಮರಳಿಬಿಡುತ್ತದೆ. ಆ ಒಂದು ನಿಮಿಷವನ್ನು ಗೊತ್ತು ಮಾಡಿದ ಎಂಜಿನಿಯರಿಗೆ ಅಳಿಯಂದಿರು ಇದ್ದಿರಲಾರರು. ಪ್ರತಿ ಸಲ ಕುರ್ಚಿ ಇತ್ಯರ್ಥವಾಗುವಷ್ಟರಲ್ಲಿ ಅದು ಮಲಗಿರುತ್ತಿತ್ತು. ನಾನು ಹಿಂದಿನ ಸಾಲಿನಿಂದ ಇಳಿದು, ಅಡಿಕೆಯನ್ನು ಸುತ್ತಿ ಬಳಸಿ ಹೋಗಿ, ಎಬ್ಬಿಸಿ, ಮತ್ತೆ ಸುತ್ತಿ ಬಳಸಿ ಬಂದು ನಿಲ್ಲಬೇಕು. ಮೂರನೆಯ ಪ್ರದಕ್ಷಿಣೆಯಾಗುವಾಗ ಚಿಕ್ಕಪ್ಪ ಶುರು ಮಾಡಿದರು.

"ನಮ್ಮ ಕಾಲದಲ್ಲಿ ಪೇಟೆಯಿಂದ ಸ್ಟುಡಿಯೋದವರು ಬರುತ್ತಿದ್ದರು. ಕರಿಬಟ್ಟೆಯೊಳಗೆ ತಲೆ ಹಾಕಿ ನೋಡಿ, ಹೊರಗೆ ಬಂದು, ರಬ್ಬರ್ ಬುರುಡೆ ಒಮ್ಮೆ ಅಮುಕಿದರೆ ಮುಗಿಯಿತು."

ಅವರು ಹೇಳಿದ್ದು ಸುಳ್ಳಲ್ಲ. ಹಳೆಯ ಬಸ್ಸಿನ ಪೊಂ ಪೊಂ ಹಾರ್ನಿನ ತಮ್ಮನಂತಿದ್ದ ಆ ಬುರುಡೆಯನ್ನು ಅಮುಕಿದರೆ ಗಾಳಿ ರಬ್ಬರ್ ಕೊಳವೆಯಲ್ಲಿ ಹೋಗಿ, ಬೆಳಕನ್ನು ಒಳಬಿಡುವ ಬಾಗಿಲಾದ ಶಟರನ್ನು ತಳ್ಳುತ್ತಿತ್ತು. ಅಮುಕಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತಿತ್ತು. ಇಂದಿಗೂ ಎಷ್ಟೋ ಕ್ಯಾಮೆರಾಗಳಲ್ಲಿ 'ಬಿ' ಎಂಬ ಅಕ್ಷರ ಇರುತ್ತದೆ, ಬಲ್ಬ್ ಎಂದು ಅದರ ಅರ್ಥ. ಬಲ್ಬ್ ಎಂದರೆ ದೀಪವೆಂದುಕೊಂಡವರೇ ಬಹಳ. ಅದು ಈ ಬುರುಡೆಯೇ. ಕೊಳವೆ ಹೋಯಿತು, ಗಾಳಿ ಹೋಯಿತು, ಅಕ್ಷರ ಉಳಿದುಕೊಂಡಿದೆ. ಇದನ್ನು ಚಿಕ್ಕಪ್ಪನಿಗೆ ಅಂದೇ ಹೇಳಬಹುದಿತ್ತು. ಆದರೆ ನಾನು ಆಗ ನಾಲ್ಕನೆಯ ಪ್ರದಕ್ಷಿಣೆಯಲ್ಲಿದ್ದೆ.

ಅಂತೂ ಎಲ್ಲರೂ ನಿಂತರು. ಹಿಂದಿನ ಸಾಲಿನ ತುದಿಯಲ್ಲಿ ನಿಂತು ಒತ್ತಿದೆ.

"ಒತ್ತಿದ್ದಾಯಿತೇ?" ಎಂದು ಮುಂದಿನ ಸಾಲು ಕೇಳಿತು.

ಗೊತ್ತಿರಲಿಲ್ಲ. ಫೋಟೋ ಬಿದ್ದ ಮೇಲೆ ಕ್ಯಾಮೆರಾದ ಮುಂಭಾಗದ ಪುಟ್ಟ ದೀಪ ಒಮ್ಮೆ ಮಿನುಗಬೇಕು. ಮಧ್ಯಾಹ್ನದ ಎರಡು ಗಂಟೆಯ ಬಿಸಿಲಿನಲ್ಲಿ, ಒಂಬತ್ತು ಮೀಟರ್ ಆಚೆ, ಎಳ್ಳಿನ ಗಾತ್ರದ ದೀಪ. ಕೈಯನ್ನು ಸ್ವಲ್ಪ ಮುಂದೆ ಚಾಚಿ ಒತ್ತಿದೆ. ಇನ್ನೂ ಚಾಚಿದೆ. ಕೊನೆಗೆ ಮುಂದಿನವರ ತಲೆಯ ಮೇಲಿಂದ ತೋಳನ್ನು ಪೂರ್ತಿ ನೀಡಿ, ತುದಿಗಾಲಿನಲ್ಲಿ ನಿಂತು ಒತ್ತುತ್ತಲೇ ಹೋದೆ. ಶಟರಿನ ಸದ್ದು ಕೇಳುವಂತಿರಲಿಲ್ಲ, ಚಿಕ್ಕಪ್ಪ ಮಾತಾಡುತ್ತಲೇ ಇದ್ದರು. ದೊಡ್ಡಮ್ಮ ಹಿಂತಿರುಗಿ, "ಅದೇನೋ ಅದು ನಿನ್ನ ಕೈಯಲ್ಲಿ?" ಎಂದು ಕೇಳಿದರು. ನಾನು "ಆಯಿತು" ಎಂದೆ. ನಂಬಿಕೆಯ ಮೇಲೆ ಹೇಳಿದ ಮಾತು.

ಹದಿನೇಳು ಫೋಟೋ ಬಿದ್ದಿದ್ದವು. ಎರಡರಲ್ಲಿ ಬರೀ ಬೆನ್ನುಗಳು. ಹನ್ನೊಂದರಲ್ಲಿ ಚಿಕ್ಕಪ್ಪನ ಬಾಯಿ ತೆರೆದಿದೆ. ಹದಿನೇಳರಲ್ಲೂ ಹಿಂದಿನ ಸಾಲಿನ ತುದಿಯಲ್ಲಿ ಒಬ್ಬ ಮನುಷ್ಯ ಕಪ್ಪಗಿನ ಏನನ್ನೋ ಹಿಡಿದು ಜಗತ್ತಿನತ್ತ ತೋಳು ಚಾಚಿದ್ದಾನೆ. ಸ್ವಾಮಿಗಳು ಮಂತ್ರಾಕ್ಷತೆ ಎಸೆಯುವ ಭಂಗಿ ಎಂದು ನಾನು ಸಮಾಧಾನ ಮಾಡಿಕೊಂಡೆ. ಶಾಪ ಕೊಡುತ್ತಿರುವ ದೂರ್ವಾಸರ ಹಾಗಿದೆ ಎಂದು ಹೆಂಡತಿ ಹೇಳಿದಳು. ಆ ರಾತ್ರಿ ಕೈಪಿಡಿ ತೆಗೆದು ನೋಡಿದರೆ, ಗುಂಡಿ ಒತ್ತಿ ಎರಡು ಸೆಕೆಂಡಾದ ಮೇಲೆ ಫೋಟೋ ತೆಗೆಯುವ ಏರ್ಪಾಡು ಅದರಲ್ಲೇ ಇತ್ತು. ಕೈ ಇಳಿಸಿಕೊಳ್ಳಲೆಂದೇ ಇಟ್ಟಿದ್ದ ಎರಡು ಸೆಕೆಂಡು.

ಇದ್ದುದರಲ್ಲಿ ಒಳ್ಳೆಯದನ್ನು ದೊಡ್ಡದು ಮಾಡಿಸಿ ಜಗಲಿಯಲ್ಲಿ ಹಾಕಿದ್ದಾರೆ. ಅದರಲ್ಲಿ ನಲವತ್ತೊಂದು ಜನ ಕ್ಯಾಮೆರಾ ನೋಡುತ್ತಿದ್ದಾರೆ, ನಾನು ರಿಮೋಟು ನೋಡುತ್ತಿದ್ದೇನೆ, ದೊಡ್ಡಮ್ಮ ನನ್ನನ್ನು ನೋಡುತ್ತಿದ್ದಾರೆ. ಮೂರು ವರ್ಷದ ಮೇಲೆ ಪತ್ರಿಕೆಗೆ ಕೊಡಲು ಅದರಿಂದಲೇ ಅವರ ಮುಖವನ್ನು ಕತ್ತರಿಸಿ ತೆಗೆದರು. ಪಕ್ಕಕ್ಕೆ ತಿರುಗಿ ಏನನ್ನೋ ಕೇಳುತ್ತಿರುವ ಮುಖ. ಎಷ್ಟು ಸಹಜವಾಗಿ ಬಂದಿದೆ ಎಂದು ಬಂದವರೆಲ್ಲ ಹೇಳಿದರು.

ಇನ್ಫ್ರಾರೆಡ್ ವಿಷಯ ಇಷ್ಟು. ಎರಡನೆಯದು ರೇಡಿಯೋ ಜಾತಿ, 2.4 ಗಿಗಾಹರ್ಟ್ಸ್. ನೂರು ಮೀಟರ್ ದೂರದಿಂದಲೂ ಕೆಲಸ ಮಾಡುತ್ತದೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ನಡುವೆ ಗೋಡೆ ಇದ್ದರೂ ಅಡ್ಡಿಯಿಲ್ಲ. ಆದರೆ ಇದು ಜೋಡಿ. ಒಂದು ಕೈಯಲ್ಲಿ, ಇನ್ನೊಂದು ಕ್ಯಾಮೆರಾದ ನೆತ್ತಿಯ ಮೇಲೆ, ಅಲ್ಲಿಂದ ಕ್ಯಾಮೆರಾದ ಪಕ್ಕೆಗೆ ಒಂದು ಗಿಡ್ಡ ವೈರು. ವೈರ್‌ಲೆಸ್ ಎಂದ ಮೇಲೂ ವೈರು! ಆ ವೈರಿನ ತುದಿಯ ಪ್ಲಗ್ಗಿನದು ಜಾತಕ ಕೂಡಿಸುವ ಕೆಲಸ. ಕ್ಯಾನನ್ ಒಂದರಲ್ಲೇ ಕೆಲವು ಮಾದರಿಗಳಿಗೆ ಮೂರು ಕಡ್ಡಿಯ ಎನ್3, ಕೆಲವಕ್ಕೆ ಇಯರ್‌ಫೋನಿನಂಥ 2.5 ಮಿಲಿಮೀಟರ್ ಪ್ಲಗ್. ನಿಕಾನ್‌ನ ದೊಡ್ಡ ಮಾದರಿಗಳಿಗೆ ಹತ್ತು ಪಿನ್ನಿನ ದುಂಡು ಪ್ಲಗ್, ಸಣ್ಣವಕ್ಕೆ ಇನ್ನೊಂದು. ಸೋನಿಯದು ಮತ್ತೂ ಬೇರೆ. ಗಣ, ನಾಡಿ ಎಲ್ಲ ನೋಡಿ ತರಿಸಬೇಕು. ತರಿಸಿ, ಸೇರಿಸಿ, ಕ್ಯಾಮೆರಾ ಬದಲಾಯಿಸಿದಿರೋ, ಸಂಬಂಧ ಮುರಿಯಿತು.

ಮೂರನೆಯದು ಬ್ಲೂಟೂತ್. ಸೆಲ್ಫಿ ಕೋಲಿನ ಜೊತೆ ಬರುವ ಗುಂಡಿಯೂ ಇದೇ. ಅದರ ಗುಟ್ಟು ಏನೆಂದರೆ, ತಾನು ಕ್ಯಾಮೆರಾ ರಿಮೋಟೆಂದು ಫೋನಿಗೆ ಅದು ಹೇಳುವುದೇ ಇಲ್ಲ. ನಾನು ವಾಲ್ಯೂಮ್ ಹೆಚ್ಚಿಸುವ ಬಟನ್ ಎನ್ನುತ್ತದೆ. ಕ್ಯಾಮೆರಾ ತೆರೆದಿದ್ದರೆ ಫೋಟೋ ಬೀಳುತ್ತದೆ. ತೆರೆದಿಲ್ಲದಿದ್ದರೆ ನಿಮ್ಮ ಚೀಲದೊಳಗೆ ಕೀಲಿಕೈ ತಾಗಿ ಅದು ಒತ್ತಿಕೊಂಡು, ಪ್ರವಚನ ಕೇಳುತ್ತ ಕೂತಲ್ಲಿ ಫೋನಿನ ದನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇನ್ನು ಫೋನನ್ನೇ ರಿಮೋಟು ಮಾಡಿಕೊಳ್ಳುವ ಆ್ಯಪ್‌ಗಳು. ಅವುಗಳಲ್ಲಿ ತೆಗೆದ ಫೋಟೋ ನೋಡಿ, ಎಲ್ಲರೂ ನಗುತ್ತಿರುತ್ತಾರೆ, ಒಬ್ಬ ಮಾತ್ರ ಓಟಿಪಿಗೆ ಕಾಯುವವನಂತೆ ತಲೆ ತಗ್ಗಿಸಿ ನಿಂತಿರುತ್ತಾನೆ. ರಿಮೋಟು ಹಿಡಿದವನನ್ನು ಗುಂಪಿನಲ್ಲಿ ಗುರುತಿಸುವುದು ಕಷ್ಟವಲ್ಲ.

ನಿಜ ಹೇಳಬೇಕೆಂದರೆ ಅಕ್ಕನ ಮಗನಿಗೆ ಯಾವುದೂ ಬೇಕಾಗಿಲ್ಲ. ಜೋಗದ ನೀರನ್ನು ಹಾಲು ಸುರಿದಂತೆ ತೆಗೆಯಬೇಕು ಎನ್ನುತ್ತಿದ್ದ. ಅದಕ್ಕೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಶಟರ್ ತೆರೆದಿದ್ದರೆ ಸಾಕು. ಟ್ರೈಪಾಡ್ ಇಟ್ಟು, ಕ್ಯಾಮೆರಾದೊಳಗೇ ಇರುವ ಎರಡು ಸೆಕೆಂಡಿನ ಟೈಮರ್ ಹಾಕಿ, ಕೈ ತೆಗೆದರಾಯಿತು. ಬೆರಳಿನ ನಡುಕ ಅಷ್ಟರಲ್ಲಿ ಅಡಗಿರುತ್ತದೆ. ಮೂವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನಕ್ಷತ್ರಗಳಿಗೆ ತೆರೆದಿಡಬೇಕೆಂದರೆ ಆಗ ಬೇಕು ರಿಮೋಟು. ಅವನು ರಾತ್ರಿ ಒಂಬತ್ತಕ್ಕೆ ಮಲಗುವವನು.

ಆದರೂ ಅವನಿಗೆ ರಿಮೋಟು ಯಾಕೆ ಬೇಕೆಂದು ನನಗೆ ಗೊತ್ತು. ಫೋಟೋ ತೆಗೆಯುವವನಿಗೆ "ಕೊಡು, ನಾನು ತೆಗೆಯುತ್ತೇನೆ, ನೀನೂ ನಿಂತುಕೋ" ಎನ್ನುವವರು ಯಾವ ಮನೆಯಲ್ಲೂ ಇಲ್ಲ. ಇದ್ದರೆ ಒಬ್ಬರು ಇರುತ್ತಾರೆ, ಅವರು ತಲೆ ಕತ್ತರಿಸಿ ಪಾದರಕ್ಷೆಗಳನ್ನು ಚೆನ್ನಾಗಿ ತೆಗೆಯುತ್ತಾರೆ. ಈ ವಿಷಯದಲ್ಲಿ ನನಗೆ ಕಾಡಿನ ಹುಲಿಗಳ ಮೇಲೆ ಹೊಟ್ಟೆಕಿಚ್ಚಿದೆ. 1920ರ ದಶಕದಲ್ಲೇ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಉತ್ತರದ ಕಾಡುಗಳಲ್ಲಿ ಹುಲಿ ನಡೆಯುವ ದಾರಿಗೆ ತಂತಿ ಕಟ್ಟಿಟ್ಟು ಬರುತ್ತಿದ್ದರು. ಹುಲಿ ಬಂದು ತಂತಿ ತಾಗಿಸಿ ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿತ್ತು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿ ಎಣಿಸಲು ಕ್ಯಾಮೆರಾಗಳನ್ನು ದಾರಿಯ ಎರಡೂ ಬದಿಗೆ ಎದುರುಬದುರಾಗಿ ಇಡಿಸಿದರು, ಏಕೆಂದರೆ ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನ ಹಾಗೆ ಇರುವುದಿಲ್ಲ. ಆ ಕ್ಯಾಮೆರಾಗಳ ನಡುವೆ ನಡೆದ ಹುಲಿ ಎಡಕ್ಕೊಂದು ಬಲಕ್ಕೊಂದು ಫೋಟೋ ಮಾಡಿಸಿಕೊಂಡಿದೆ. ಅದು ಯಾರ ತಲೆಯ ಮೇಲೂ ಕೈ ಚಾಚಿಲ್ಲ. ಅದಕ್ಕೆ ಕುರ್ಚಿಯೂ ಬೇಕಾಗಿಲ್ಲ.

ಇಷ್ಟು ಬರೆದು, ಹಾಗಾದರೆ ಯಾವುದನ್ನು ಕೊಳ್ಳಬೇಕೆಂಬ ಆ ಒಂದು ಮಾತಿಗೆ ಬರುವಷ್ಟರಲ್ಲಿ ಫೋನ್ ಸದ್ದು ಮಾಡಿತು. ಅವನದೇ ಸಂದೇಶ: "ರಿಮೋಟ್ ಬೇಡ ಮಾವ. ಇವಳ ಫೋನಿನಲ್ಲಿ ಅಂಗೈ ತೋರಿಸಿದರೆ ತಾನೇ ಫೋಟೋ ತೆಗೆಯುತ್ತದೆ."

ಜೊತೆಗೊಂದು ಫೋಟೋ. ಸೋಫಾದ ಮೇಲೆ, ಹಿಂದೆ, ನೆಲದ ಮೇಲೆ ಒಟ್ಟು ಒಂಬತ್ತು ಜನ. ಯಾರು ತೋರಿಸಬೇಕೆಂದು ಮಾತಾಗಿರಲಿಲ್ಲವೆಂದು ಕಾಣುತ್ತದೆ, ಒಂಬತ್ತೂ ಜನ ಅಂಗೈ ಮುಂದೆ ಚಾಚಿ ಕುಳಿತಿದ್ದಾರೆ. ನಮ್ಮ ಅಕ್ಕ ಎರಡೂ ಕೈ ಎತ್ತಿದ್ದಾಳೆ.

ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಎಲ್ಲರೂ ನಿಮ್ಮ ಹಾಗೇ ಕಾಣುತ್ತಾರೆ" ಎಂದಳು.