ಸುವಾದಲ್ಲಿ ಬೆಳಗಿನ ಪತ್ರಿಕೆ

ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಫಿಜಿಯ ಹಳೆಯ ದಿನಪತ್ರಿಕೆ ‘ದಿ ಫಿಜಿ ಟೈಮ್ಸ್’ ಜಗತ್ತಿನಲ್ಲಿ ಪ್ರತಿದಿನ ಮೊತ್ತಮೊದಲು ಪ್ರಕಟವಾಗುವ ಪತ್ರಿಕೆ ತಾನೆಂದು ಹೇಳಿಕೊಳ್ಳುತ್ತ ಬಂದಿದೆ. ಹೊಸ ದಿನ ಆರಂಭವಾಗುವ ಅಂತರರಾಷ್ಟ್ರೀಯ ದಿನಾಂಕ ರೇಖೆಯ ಮಗ್ಗುಲಲ್ಲೇ ಇರುವ ದೇಶಕ್ಕೆ ಆ ಮಾತು ಒಪ್ಪುತ್ತದೆ. 1869ರಲ್ಲಿ, ಅಂದರೆ ಬ್ರಿಟಿಷರು ಈ ದ್ವೀಪಗಳನ್ನು ತಮ್ಮ ಆಳ್ವಿಕೆಗೆ ಸೇರಿಸಿಕೊಳ್ಳುವ ಐದು ವರ್ಷ ಮೊದಲು, ಲೆವುಕಾ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದ ಪತ್ರಿಕೆಯಿದು.

ಉಡುಪಿಯ ಕಡೆಯಿಂದ ಬಂದು ಫಿಜಿಯ ರಾಜಧಾನಿ ಸುವಾದಲ್ಲಿ ನೆಲೆಸಿದ ನನಗೆ ಇಲ್ಲಿ ಮೊದಲು ಹಿಡಿಸಿದ್ದು ಸುದ್ದಿಯ ಹರಹು. ನಮ್ಮಲ್ಲಿ ಜಿಲ್ಲೆಗೊಂದು ಆವೃತ್ತಿ ಬಂದ ಮೇಲೆ ಊರಿನ ಸಣ್ಣ ಸುದ್ದಿಗೂ ಜಾಗ ಸಿಕ್ಕಿತು, ನಿಜ. ಆದರೆ ಬೈಂದೂರಿನ ಕಾಲುಸಂಕ ಮುರಿದ ಸುದ್ದಿ ಉಡುಪಿಯ ಪುಟದಲ್ಲೇ ಉಳಿಯುತ್ತದೆ, ಬೀದರಿನ ಓದುಗ ಅದನ್ನು ಕಾಣುವುದೇ ಇಲ್ಲ. ಸುಮಾರು ಒಂಬತ್ತು ಲಕ್ಷ ಜನರ ಫಿಜಿಯಲ್ಲಿ ದೂರದ ದ್ವೀಪವೊಂದರ ಶಾಲೆಗೆ ನೀರಿಲ್ಲವೆಂಬ ವರದಿಯನ್ನು, ಆ ಊರಿನ ಪೋಷಕರು ಓದುವ ಅದೇ ಪುಟದಲ್ಲಿ ರಾಜಧಾನಿಯ ಮಂತ್ರಿಯೂ ಓದಬೇಕಾಗುತ್ತದೆ. ಈ ಗುಣವನ್ನು ನಾವು ಕಳೆದುಕೊಂಡಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಥ ಪತ್ರಿಕೆಯ ಬಾಯಿ ಕಟ್ಟಿದರೆ ಇಡೀ ದೇಶವೇ ಮೌನವಾಗುತ್ತದೆ. 2009ರ ಏಪ್ರಿಲ್‌ನಲ್ಲಿ ಸಂವಿಧಾನವನ್ನು ರದ್ದುಪಡಿಸಿದಾಗ ಸರ್ಕಾರ ಸುದ್ದಿಮನೆಗಳಿಗೇ ಸೆನ್ಸಾರ್ ಅಧಿಕಾರಿಗಳನ್ನು ಕಳುಹಿಸಿತು. ಆ ಭಾನುವಾರದ ‘ಫಿಜಿ ಟೈಮ್ಸ್’ ತಡೆಹಿಡಿದ ವರದಿಗಳ ಜಾಗವನ್ನು ಖಾಲಿ ಬಿಟ್ಟೇ ಅಚ್ಚಾಯಿತು. ಭಾರತದಲ್ಲಿ 1975ರ ತುರ್ತು ಪರಿಸ್ಥಿತಿಯ ದಿನಗಳಲ್ಲೂ ಸಂಪಾದಕೀಯದ ಜಾಗ ಖಾಲಿ ಬಿಟ್ಟ ಪತ್ರಿಕೆಗಳಿದ್ದವು. ನಮ್ಮಲ್ಲಿ ಆ ಸೆನ್ಸಾರ್ ಸುಮಾರು ಇಪ್ಪತ್ತೊಂದು ತಿಂಗಳಲ್ಲಿ ಮುಗಿಯಿತು. ಇಲ್ಲಿ 2010ರ ಮಾಧ್ಯಮ ಕಾನೂನು ವಿದೇಶಿ ಒಡೆತನಕ್ಕೆ ಶೇ 10ರ ಮಿತಿ ಹಾಕಿದ್ದರಿಂದ ಆಸ್ಟ್ರೇಲಿಯಾದ ಒಡೆಯರು ಪತ್ರಿಕೆಯನ್ನು ಸ್ಥಳೀಯ ಮೋತಿಭಾಯಿ ಸಂಸ್ಥೆಗೆ ಮಾರಬೇಕಾಯಿತು, ಮತ್ತು ಆ ಕಾನೂನು 2023ರ ಏಪ್ರಿಲ್‌ನವರೆಗೂ ಜಾರಿಯಲ್ಲಿತ್ತು. ಹದಿಮೂರು ವರ್ಷ ದಂಡ ಮತ್ತು ಸೆರೆವಾಸದ ಅಂಜಿಕೆಯಲ್ಲಿ ಬರೆದ ಪತ್ರಕರ್ತರ ಬಗ್ಗೆ ನನಗೆ ಆಳವಾದ ಗೌರವವಿದೆ.

ಆದರೆ ಒಂದು ವಿಷಯದಲ್ಲಿ ನಾವೇ ಭಾಗ್ಯವಂತರು. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಬಂದಂದಿನಿಂದ ಕನ್ನಡಿಗನ ಸುದ್ದಿಗೆ ಕನ್ನಡದ ದಾರಿ ತೆರೆದುಕೊಂಡಿತು. ಇಂದು ದಿನದ ಲೋಕವ್ಯವಹಾರವನ್ನೆಲ್ಲ ನಾವು ನಮ್ಮ ನುಡಿಯಲ್ಲೇ ಓದುತ್ತೇವೆ. ಫಿಜಿಯ ‘ಫಿಜಿ ಟೈಮ್ಸ್’, ‘ಫಿಜಿ ಸನ್’ ಎರಡೂ ಇಂಗ್ಲಿಷ್ ದಿನಪತ್ರಿಕೆಗಳು. 1935ರಲ್ಲಿ ಆರಂಭವಾದ ಹಿಂದಿಯ ‘ಶಾಂತಿ ದೂತ’ವಾಗಲಿ, ಇಲ್ಲಿನ ಮೂಲನಿವಾಸಿಗಳ ಇತೌಕೆಯಿ ಭಾಷೆಯ ‘ನಾಯ್ ಲಲಕಾಯ್’ ಆಗಲಿ ವಾರಪತ್ರಿಕೆಗಳು. ಇಲ್ಲಿನ ಭಾರತೀಯ ಮೂಲದವರು ಮನೆಯಲ್ಲಿ ಆಡುವ ಹಿಂದಿಯಾದ ‘ಫಿಜಿ ಬಾತ್’ಗೂ ಅಚ್ಚಿನ ಹಿಂದಿಗೂ ಅಂತರವಿದೆ; ಅದನ್ನು ನಾನು ದೋಷವೆನ್ನಲಾರೆ, ಏಕೆಂದರೆ ಕುಂದಾಪುರದ ಕನ್ನಡವನ್ನೇ ಆಡುತ್ತ ಬೆಳೆದ ನಾನೂ ಪತ್ರಿಕೆಯಲ್ಲಿ ಓದಿದ್ದು ಬೇರೆಯದೇ ಕನ್ನಡವನ್ನು. ಕೊರತೆ ಇರುವುದು ಆರು ದಿನಗಳ ಕಾಯುವಿಕೆಯಲ್ಲಿ. ಭಾರತದಿಂದ ಗಿರ್ಮಿಟ್ ಕೂಲಿಗಳಾಗಿ, ಅಂದರೆ ಕರಾರಿನ ಮೇಲೆ ದುಡಿಯಲು, 1879ರಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಕಬ್ಬಿನ ದರ ಇಳಿದ ಸುದ್ದಿಯನ್ನು ಅಂದೇ ತಿಳಿಯಲು ರೇಡಿಯೊ ಕೇಳಬೇಕು, ಇಲ್ಲವೇ ಇಂಗ್ಲಿಷ್ ಬಲ್ಲ ಮಕ್ಕಳನ್ನು ಕೇಳಬೇಕು. ರೇಡಿಯೊ ಸುದ್ದಿಯನ್ನು ಒಮ್ಮೆ ಹೇಳಿ ಮುಂದೆ ಸಾಗುತ್ತದೆ. ಮಡಚಿಟ್ಟು ಸಂಜೆ ಮತ್ತೊಮ್ಮೆ ಓದಿ, ನೆರೆಯವರೊಡನೆ ಚರ್ಚಿಸಿ, ಸಂಪಾದಕರಿಗೆ ಪತ್ರ ಬರೆಯುವ ಅವಕಾಶ ಅಚ್ಚಿನ ಪುಟದಿಂದ ಮಾತ್ರ ಸಿಗುತ್ತದೆ.

ಎರಡೂ ವಾರಪತ್ರಿಕೆಗಳು ‘ಫಿಜಿ ಟೈಮ್ಸ್’ನ ಮನೆಯಿಂದಲೇ ಹೊರಡುವುದರಿಂದ, ದಿನಪತ್ರಿಕೆಯೊಳಗೇ ದಿನವೂ ಹಿಂದಿಗೊಂದು, ಇತೌಕೆಯಿಗೊಂದು ಪುಟವನ್ನು ಮೀಸಲಿಡುವುದು ಅಸಾಧ್ಯವಲ್ಲ. ಮೊದಲಿಗೆ ಆ ಪುಟದಲ್ಲಿ ಹಡಗಿನ ವೇಳೆ, ಚಂಡಮಾರುತದ ಮುನ್ಸೂಚನೆ, ಕಬ್ಬಿನ ದರ, ಓದುಗರ ಒಂದೆರಡು ಪತ್ರಗಳು ಬಂದರೂ ಸಾಕು.